ಮುಪ್ಪು, ಜನಾಂಗ, ರಸ್ತೆ: ಅಮೆರಿಕದ ಹಿರಿಯ ಚಾಲಕರ ಅಧ್ಯಯನಗಳು ಸಾಗಿಬಂದ ಬಗೆ

ಅಮೆರಿಕದಲ್ಲಿ ಹಿರಿಯ ಚಾಲಕರನ್ನು ಕುರಿತ ಸಂಶೋಧನೆ ತನ್ನ ಮೊದಲ ದಶಕಗಳಲ್ಲಿ ಜನಾಂಗದ ಪ್ರಶ್ನೆಯನ್ನು ಎತ್ತಿದ್ದೇ ಕಡಿಮೆ. ವಯಸ್ಸಾದಂತೆ ಕಣ್ಣು, ಮಿದುಳು, ಕೈಕಾಲುಗಳಲ್ಲಿ ಆಗುವ ಮಾರ್ಪಾಡುಗಳೇ ಅಪಘಾತಕ್ಕೆ ಮೂಲವೆಂಬ ಗ್ರಹಿಕೆ ಆಗ ಬಲವಾಗಿತ್ತು. ಬರ್ಮಿಂಗ್‌ಹ್ಯಾಮಿನ ಅಲಬಾಮಾ ವಿಶ್ವವಿದ್ಯಾಲಯದ ಸಿಂಥಿಯಾ ಔಸ್ಲಿ, ಕಾರ್ಲೀನ್ ಬಾಲ್ ಮೊದಲಾದವರೊಡನೆ 1990ರ ದಶಕದಲ್ಲಿ ನಡೆಸಿದ ಅಧ್ಯಯನಗಳು ‘ಉಪಯುಕ್ತ ದೃಷ್ಟಿಕ್ಷೇತ್ರ’, ಅಂದರೆ ತಲೆ ಮತ್ತು ಕಣ್ಣನ್ನು ಹೊರಳಿಸದೆ ಒಂದೇ ನೋಟದಲ್ಲಿ ಗ್ರಹಿಸಬಲ್ಲ ವ್ಯಾಪ್ತಿ, ಕುಗ್ಗಿದವರಲ್ಲಿ ಅಪಘಾತದ ಸಂಭವ ಹೆಚ್ಚೆಂದು ತೋರಿಸಿದವು. ಇದೇ ಬಳಗ 1999ರಲ್ಲಿ ಪ್ರಕಟಿಸಿದ ಚಾಲನಾ ಅಭ್ಯಾಸಗಳ ಪ್ರಶ್ನಾವಳಿಯು ವಾರಕ್ಕೆ ಎಷ್ಟು ದಿನ, ಎಷ್ಟು ದೂರ ಕಾರು ಓಡಿಸುತ್ತಾರೆ, ರಾತ್ರಿ, ಮಳೆ ಮತ್ತು ಎದುರಿನ ವಾಹನಗಳ ಸಾಲನ್ನು ದಾಟಬೇಕಾದ ಎಡತಿರುವು (ನಮ್ಮಲ್ಲಿ ಅದು ಬಲತಿರುವು) ಎಷ್ಟು ಕಷ್ಟವಾಗುತ್ತವೆ ಎಂಬುದನ್ನು ಅಳೆಯಲು ಬಹುಕಾಲದ ಸಾಧನವಾಯಿತು.

ಈ ಘಟ್ಟದಲ್ಲಿ ಜನಾಂಗವು ಬಹುಮಟ್ಟಿಗೆ ಲೆಕ್ಕದಲ್ಲಿ ಸರಿದೂಗಿಸಿ ಬದಿಗಿಡಬೇಕಾದ ಅಂಶವಾಗಿತ್ತೇ ಹೊರತು ವಿವರಿಸಬೇಕಾದ ಸಂಗತಿಯಾಗಿರಲಿಲ್ಲ. ಮೇರಿಲ್ಯಾಂಡಿನ ಸಾಲಿಸ್‌ಬರಿಯ ಕಣ್ಣಿನ ಅಧ್ಯಯನದಲ್ಲಿ ಮತ್ತು 1998ರಲ್ಲಿ ಆರಂಭವಾಗಿ 2,832 ಹಿರಿಯರನ್ನು ಒಳಗೊಂಡ ‘ಆಕ್ಟಿವ್’ ಪ್ರಯೋಗದಲ್ಲಿ ಸುಮಾರು ಕಾಲುಭಾಗ ಆಫ್ರಿಕನ್ ಅಮೆರಿಕನ್ನರು ಇದ್ದುದರಿಂದ ಹೋಲಿಕೆ ಸಾಧ್ಯವಾಯಿತು. ಗ್ಲಾಕೋಮಾ, ಅಂದರೆ ಕಣ್ಣಿನ ನರ ನಶಿಸಿ ನೋಟದ ಅಂಚುಗಳು ಮಸುಕಾಗುವ ರೋಗ, ಕಪ್ಪು ಜನರಲ್ಲಿ ಬಿಳಿಯರಿಗಿಂತ ನಾಲ್ಕೈದು ಪಟ್ಟು ಹೆಚ್ಚೆಂದು ಬಾಲ್ಟಿಮೋರಿನ ಸಮೀಕ್ಷೆ 1991ರಲ್ಲೇ ತಿಳಿಸಿದ್ದ ಕಾರಣ, ವಿವರಣೆಯನ್ನು ಮತ್ತೆ ದೇಹದಲ್ಲೇ ಹುಡುಕುವುದು ಸುಲಭವಾಗಿತ್ತು.

ಆದರೆ ಚಾಲನೆಯನ್ನೇ ನಿಲ್ಲಿಸುವವರ ಅಧ್ಯಯನ ಬೇರೆ ದಿಕ್ಕನ್ನು ತೋರಿತು. 70ರಿಂದ 74ರ ವಯಸ್ಸಿನ ಚಾಲಕರು ಸ್ಟಿಯರಿಂಗ್ ಬಿಟ್ಟ ಮೇಲೆ ಪುರುಷರಾದರೆ ಸುಮಾರು ಏಳು ವರ್ಷ, ಮಹಿಳೆಯರಾದರೆ ಸುಮಾರು ಹತ್ತು ವರ್ಷ ಬದುಕಿರುತ್ತಾರೆಂದು ಡೇನಿಯಲ್ ಫೋಲಿ ಮತ್ತು ಸಂಗಡಿಗರು 2002ರಲ್ಲಿ ಅಂದಾಜಿಸಿದರು. ಈ ಅವಧಿ ಎಲ್ಲರಿಗೂ ಒಂದೇ ಬಗೆಯಾಗಿ ಕಳೆಯುವುದಿಲ್ಲ: ಕಾರು ಬಿಟ್ಟವರು ಮನೆಯವರ ಕಾರಿನಲ್ಲಿ ಕೂರುತ್ತಾರೆ, ಇಲ್ಲವೇ ಬಸ್ಸಿಗೆ ಕಾಯುತ್ತಾರೆ, ಇಲ್ಲವೇ ನಡೆಯುತ್ತಾರೆ. ಮ್ಯಾಥ್ಯೂ ರೈಫ್‌ಮನ್ ಮತ್ತು ಎರ್ನಾನಿ ಚೋಮಾ 2022ರಲ್ಲಿ ಎಲ್ಲ ವಯಸ್ಸಿನವರನ್ನೂ ಸೇರಿಸಿ ಮಾಡಿದ ಲೆಕ್ಕದ ಪ್ರಕಾರ, ನಡೆದ ಪ್ರತಿ ಮೈಲಿಗೆ ಕಪ್ಪು ಪಾದಚಾರಿಗಳ ಸಾವಿನ ಪ್ರಮಾಣ ಬಿಳಿಯರದ್ದಕ್ಕಿಂತ 2.2 ಪಟ್ಟು ಹೆಚ್ಚು. ಹೀಗಿರುವಾಗ ಚಾಲನೆ ನಿಲ್ಲಿಸುವುದನ್ನು ಸುರಕ್ಷತೆಯ ಕ್ರಮವೆಂದು ಎಣಿಸುವ ವಾದ ಅರ್ಧ ಲೆಕ್ಕವನ್ನಷ್ಟೇ ಮಾಡುತ್ತದೆ.

ಈ ಕ್ಷೇತ್ರದ ನಿಜವಾದ ಪ್ರಗತಿ ಆದದ್ದು ಭಿನ್ನರಾಶಿಯ ಛೇದದಲ್ಲಿ ಎಂದರೆ ತಪ್ಪಾಗಲಾರದು. ಸಾವುಗಳನ್ನು ಜನಸಂಖ್ಯೆಯಿಂದ ಭಾಗಿಸಿದರೆ ಒಂದು ಚಿತ್ರ, ಕ್ರಮಿಸಿದ ಮೈಲಿಗಳಿಂದ ಭಾಗಿಸಿದರೆ ಇನ್ನೊಂದು. ಮೈಲಿಯ ಲೆಕ್ಕವೂ ಪೂರ್ಣ ನ್ಯಾಯವಲ್ಲ. ಕಡಿಮೆ ದೂರ ಓಡಿಸುವವರು ಹೆಚ್ಚಾಗಿ ಅಡ್ಡರಸ್ತೆ, ಸಿಗ್ನಲ್, ಜನಸಂದಣಿಯ ನಡುವೆಯೇ ಓಡಿಸುವುದರಿಂದ, ಅವರ ವಯಸ್ಸು ಏನೇ ಇದ್ದರೂ, ಮೈಲಿಗೊಂದರಂತೆ ಅಪಘಾತ ಹೆಚ್ಚಾಗಿ ಕಾಣುತ್ತದೆ. ಇದನ್ನು ‘ಅಲ್ಪದೂರದ ವಕ್ರತೆ’ ಎನ್ನಬಹುದು. ಹಿರಿಯರ ಸಾವಿನ ಪ್ರಮಾಣ ಏರಲು ಹೆಚ್ಚಿನ ಮಟ್ಟಿಗೆ ಅವರ ದೇಹದ ನಾಜೂಕುತನವೇ ಕಾರಣ, ಡಿಕ್ಕಿಗಳ ಸಂಖ್ಯೆಯಲ್ಲ ಎಂದು 2003ರಲ್ಲಿ ಗುಹುವಾ ಲೀ ಮತ್ತು ಸಂಗಡಿಗರು ತೋರಿಸಿದ ಮೇಲೆ, ಸಾವಿನ ಅಂಕಿಯಿಂದ ಚಾಲಕನ ಕೌಶಲವನ್ನು ಊಹಿಸುವುದು ಇನ್ನಷ್ಟು ಕಷ್ಟವಾಯಿತು.

ಪ್ರಶ್ನಾವಳಿಗಳು ಬಹುಮಟ್ಟಿಗೆ ಹೊರಗಿಟ್ಟದ್ದು ಇತಿಹಾಸವನ್ನು. 1990ರ ದಶಕದಲ್ಲಿ ಈ ಅಧ್ಯಯನಗಳಿಗೆ ಸೇರಿದ ಕಪ್ಪು ಹಿರಿಯರು ವರ್ಣಭೇದದ ಕಾನೂನುಗಳ ಕಾಲದಲ್ಲಿ ಬೆಳೆದವರು. ಯಾವ ಊರಿನಲ್ಲಿ ತಂಗಬಹುದು, ಎಲ್ಲಿ ಪೆಟ್ರೋಲ್ ಸಿಗುತ್ತದೆ ಎಂಬುದನ್ನು ತಿಳಿಯಲು ಹಾರ್ಲೆಮ್‌ನ ಅಂಚೆಯವನಾಗಿದ್ದ ವಿಕ್ಟರ್ ಹ್ಯೂಗೊ ಗ್ರೀನ್ 1936ರಲ್ಲಿ ಆರಂಭಿಸಿದ ‘ಗ್ರೀನ್ ಬುಕ್’ ಕೈಪಿಡಿ 1960ರ ದಶಕದ ಮಧ್ಯದವರೆಗೂ ಬೇಕಾಗಿತ್ತು. ಕತ್ತಲಾದ ಮೇಲೆ ಕಪ್ಪು ಜನರು ಇರಕೂಡದೆಂಬ ಕಟ್ಟಳೆಯ ಊರುಗಳನ್ನು ಬಲ್ಲ ಪೀಳಿಗೆಯು ರಾತ್ರಿ ಚಾಲನೆಯನ್ನು ಒಲ್ಲೆ ಎಂದಾಗ, ಅದನ್ನು ಕೇವಲ ಮಂದದೃಷ್ಟಿಯ ಸ್ವನಿಯಂತ್ರಣವೆಂದು ಓದುವುದು ಅವಸರದ ತೀರ್ಮಾನವಾಗುತ್ತದೆ.

ಇತ್ತೀಚಿನ ಸಂಶೋಧನೆ ಚಾಲಕರ ನೆನಪನ್ನು ನೆಚ್ಚದೆ ಕಾರಿನಲ್ಲೇ ಜಿಪಿಎಸ್ ಉಪಕರಣವನ್ನಿಡುತ್ತದೆ. ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಗಣೇಶ್ ಬಾಬುಲಾಲ್ ತಂಡವು ಈ ವಿಧಾನದಿಂದ ಆಲ್ಝೈಮರ್‌ನ ಮುನ್ಸೂಚನೆಗಳನ್ನೂ ಜನಾಂಗೀಯ ವ್ಯತ್ಯಾಸಗಳನ್ನೂ ಪರಿಶೀಲಿಸುತ್ತಿದೆ. ಐದು ಕೇಂದ್ರಗಳಲ್ಲಿ 65ರಿಂದ 79ರ ವಯಸ್ಸಿನ 2,990 ಚಾಲಕರನ್ನು ಸೇರಿಸಿಕೊಂಡ ‘ಲಾಂಗ್‌ರೋಡ್’ ಯೋಜನೆ ಇವುಗಳಲ್ಲಿ ಬಹಳ ದೊಡ್ಡದು. ಆದರೆ ಅದರಲ್ಲಿ ಪಾಲ್ಗೊಂಡವರಲ್ಲಿ ಬಹುಪಾಲು ಬಿಳಿಯರು, ಓದಿದವರು. ಹೀಗಾಗಿ ಪ್ರತಿ ಪಯಣದ ಹೊತ್ತು, ವೇಗ, ಹಾದಿಯನ್ನು ದಾಖಲಿಸಬಲ್ಲ ಉಪಕರಣ ಕೈಗೆ ಬಂದಿದ್ದರೂ, ಹಳೆಯ ಕಾರನ್ನು ನಗರದ ದಟ್ಟ ಬೀದಿಗಳಲ್ಲಿ ಓಡಿಸುವ ಕಡಿಮೆ ಆದಾಯದ ಹಿರಿಯರ ಹೋಲಿಕೆಗೆ ಸಾಕಾಗುವಷ್ಟು ದಾಖಲೆ ಅದರಿಂದ ದೊರೆಯುವುದಿಲ್ಲ.