ಒಕ್ಕಲಾಗುವುದು

ಬರ್ಲಿನ್ನಿನಲ್ಲಿ ಮಗನ ಉದ್ಯೋಗ ಮುಂದಿನ ತಿಂಗಳ ಮೊದಲನೆಯ ತಾರೀಖಿಗೆ ಪ್ರಾರಂಭವಾಗಲಿದ್ದು, ಅಲ್ಲಿಯವರೆಗೆ ಅವನು ದಿನವೂ ದೂರವಾಣಿಯಲ್ಲಿ 'ಇನ್ನೂ ಸೆಟಲ್ ಆಗಿಲ್ಲಮ್ಮ' ಎಂಬ ಒಂದೇ ಪಲ್ಲವಿಯನ್ನು ಹಾಡುತ್ತಿರುವನೆಂದೂ, ಈ 'ಸೆಟಲ್' ಎಂಬುದಕ್ಕೆ ಕನ್ನಡದಲ್ಲಿ ಮಾತಿಲ್ಲವೆ ಎಂದೂ ಹಾಸನ ಜಿಲ್ಲೆಯ ಓದುಗರೊಬ್ಬರು ಕೇಳಿ ಬರೆದಿದ್ದಾರೆ. ಇದೆ, ಆಕೆಯ ಅತ್ತೆಯವರ ನಾಲಗೆಯ ಮೇಲೆ ಇದ್ದೇ ಇದ್ದಿರಬೇಕು: ಒಕ್ಕಲಾಗುವುದು. ಹೊಸಮನೆಯನ್ನು ಹೊಗುವ ಶುಭಕಾರ್ಯವನ್ನು ನಮ್ಮ ಕಡೆ 'ಮನೆ ಒಕ್ಕಲು' ಎನ್ನುತ್ತಿದ್ದರು. ಈಗಿನ ಆಹ್ವಾನಪತ್ರಿಕೆಗಳಲ್ಲಿ ಅದು ಗೃಹಪ್ರವೇಶವಾಗಿ, ಅದೂ ಸಾಲದೆ 'ಹೌಸ್ ವಾರ್ಮಿಂಗ್' ಆಗಿದೆ. ವೃತ್ತಪತ್ರಿಕೆಗಳಲ್ಲಂತೂ ಈ ಶಬ್ದ ಉಸಿರಾಡುತ್ತಿರುವುದು 'ಒಕ್ಕಲೆಬ್ಬಿಸು' ಎಂಬ ರೂಪದಲ್ಲಿ ಮಾತ್ರ: ಜನರನ್ನು ಹೊರದೂಡುವುದಕ್ಕೆ ಕನ್ನಡ, ನೆಲೆಗೊಳಿಸುವುದಕ್ಕೆ ಇಂಗ್ಲಿಷು.

ಈ ಪದದ ಮೂಲವನ್ನು ಪಂಡಿತರು ತೆನೆ ತುಳಿಸುವ ಕಣದಲ್ಲಿ ಅರಸುತ್ತಾರೆ. ನಿಘಂಟಿನಲ್ಲಿ ದೊರೆಯುವ ಆ ವಿಚಾರ ಇಲ್ಲಿ ಬೇಡ. ಶಾಸನಗಳಲ್ಲಿ 'ತೆಲ್ಲಿಗರೈವತ್ತೊಕ್ಕಲು' ಎಂದು ಎಣ್ಣೆ ತೆಗೆಯುವವರ ಸಂಘವೊಂದು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದಷ್ಟೆ. ಗಾಣ ತಿರುಗಿಸುವವರು ಯಾವ ಕಣದಲ್ಲಿ ಏನನ್ನು ಒಕ್ಕಿದರು? ಹೊಸಮನೆಯಲ್ಲಿ ಮೊದಲು ಹಾಲುಕ್ಕಿಸುವ ಆಚಾರದಿಂದಲೇ, ಆ 'ಉಕ್ಕಿ'ನಿಂದಲೇ, 'ಒಕ್ಕಲು' ಹುಟ್ಟಿತೆಂಬುದು ನಾನು ಬಹುಕಾಲದಿಂದ ಸಾಕಿಕೊಂಡು ಬಂದಿರುವ ಊಹೆ. ಹಳಗನ್ನಡದ ಕುಡು ನಮ್ಮಲ್ಲಿ ಕೊಡು ಆಗಿ, ತುಡು ತೊಡು ಆಗಿರುವಾಗ, ಉಕ್ಕು ಒಕ್ಕಾಗುವುದಕ್ಕೆ ಯಾರ ಅಪ್ಪಣೆ ಬೇಕು?

ಹಾಲುಕ್ಕಿಸಲೇಬೇಕೆಂದು ತಾಯಿ ಹಟ ಹಿಡಿದರಂತೆ. ಆದರೆ ಜರ್ಮನಿಯಲ್ಲಿ ಬಾಡಿಗೆಯ ಮನೆ ಬಿಡುವವರು ಅಡುಗೆಮನೆಯನ್ನು ಒಲೆ, ಕಪಾಟು, ಪಾತ್ರೆ ತೊಳೆಯುವ ತೊಟ್ಟಿಯೊಡನೆ ಕಳಚಿಕೊಂಡು ಹೋಗುವುದುಂಟು. ಹುಡುಗನಿಗೆ ದೊರೆತದ್ದು ಗೋಡೆಯಿಂದ ಹೊರಬಂದ ನಲ್ಲಿಯ ಮೂತಿ, ದೀಪವಿಲ್ಲದೆ ಸೂರಿನಿಂದ ಇಳಿಬಿದ್ದ ಎರಡು ತಂತಿ. ಮೂರು ತಿಂಗಳ ಮೂಲ ಬಾಡಿಗೆಯಷ್ಟು ಮುಂಗಡ ತೆತ್ತು ಬರಿಗೈಯಾಗಿದ್ದವನು ಪುಟ್ಟ ವಿದ್ಯುತ್ ಒಲೆಯೊಂದನ್ನು ತಂದು, ನೆಲದ ಮೇಲಿಟ್ಟು, ಹಾಲುಕ್ಕಿಸಿದ.

ಇಷ್ಟಾದರೂ ಅವನು ಒಕ್ಕಲಾದನೆ? 'ಊರಿಗೆ ಬಂದವಳು ನೀರಿಗೆ ಬಾರದಿರುವಳೇ' ಎಂಬ ಗಾದೆಯನ್ನು ಇಂದು ಸೇಡಿನ ಧ್ವನಿಯಲ್ಲಿ, ಎಂದಾದರೂ ಕೈಗೆ ಸಿಕ್ಕುವಳು ಎಂಬರ್ಥದಲ್ಲಿ ಮಾತ್ರ ಬಳಸಿ ಕೆಡಿಸಿದ್ದೇವೆ. ಬಾವಿಯ ಕಟ್ಟೆಯನ್ನು ಕಂಡವರಿಗೆ ಅದರ ಗಾಂಭೀರ್ಯ ತಿಳಿದೀತು. ಹೊಸ ಸೊಸೆ ಮನೆಯೊಳಗೆ ಎಷ್ಟು ದಿನ ಇದ್ದರೂ ಊರಿನ ಪಾಲಿಗೆ ಅವಳಿಲ್ಲ. ಕೊಡ ಹಿಡಿದು ಕಟ್ಟೆಗೆ ಬಂದಳೆಂದರೆ, ಯಾರ ಮನೆಯವಳು, ತವರು ಯಾವುದು, ಆ ಕೊಡ ಅತ್ತೆಯದೋ ತವರಿನಿಂದ ಬಂದದ್ದೋ ಎಂಬುದೆಲ್ಲ ಹಗ್ಗ ರಾಟೆಗೆ ಬೀಳುವ ಮೊದಲೇ ವಿಚಾರಣೆಯಾಗಿ, ಅವಳ ಸರದಿ ಯಾರ ಹಿಂದೆ ಎಂಬುದೂ ಅಂದೇ ನಿಶ್ಚಯವಾಗುತ್ತಿತ್ತು. ನೀರಿಗಿಂತ ಆ ಸರದಿ ದೊಡ್ಡದು.

ಬರ್ಲಿನ್ನಿನ ಬಾವಿಕಟ್ಟೆಗೆ 'ಆನ್‌ಮೆಲ್ಡುಂಗ್' ಎಂದು ಹೆಸರು. ಮನೆ ಹೊಕ್ಕ ಎರಡು ವಾರಗಳೊಳಗೆ ನಾಗರಿಕ ಕಚೇರಿಯಲ್ಲಿ ವಿಳಾಸ ಬರೆಸಬೇಕು; 2015ರ ನವೆಂಬರಿನಿಂದ ಜಾರಿಯಲ್ಲಿರುವ ಕಾನೂನಿನಂತೆ, ಹೊಕ್ಕದ್ದು ನಿಜವೆಂದು ಮನೆ ಕೊಟ್ಟವರೂ ಬರೆದುಕೊಡಬೇಕು. ಸಂಬಳಕ್ಕೆ ಬೇಕಾದ ತೆರಿಗೆಯ ಸಂಖ್ಯೆ ಆ ವಿಳಾಸಕ್ಕೇ ಅಂಚೆಯಲ್ಲಿ ಬರುತ್ತದೆ; ಅಂಚೆಯವನಾದರೋ ಪೆಟ್ಟಿಗೆಯ ಮೇಲೆ ಹೆಸರು ಕಾಣದಿದ್ದರೆ ಕಾಗದವನ್ನು ಹಿಂದಕ್ಕೆ ಒಯ್ಯುತ್ತಾನೆ.

ತಾಯಿಯ ಎರಡನೆಯ ದೂರು ಈ ಹೆಸರನ್ನು ಕುರಿತದ್ದು. ಪಾಸ್‌ಪೋರ್ಟಿಗಾಗಿ ಇನಿಷಿಯಲ್ಲನ್ನು ಬಿಡಿಸಿ ಬರೆದಾಗ ಊರ ಹೆಸರೇ ಕುಲನಾಮವಾಗಿ ಕುಳಿತು, ಕಚೇರಿಯ ಹೆಂಗಸು ಮಗನನ್ನು 'ಹೆರ್ ಹೊಳೆನರಸೀಪುರ' ಎಂದು ಕೂಗಿದಳಂತೆ. ಹರಕೆ ಹೊತ್ತು ಇಟ್ಟ ಹೆಸರು ಎಲ್ಲಿಯೂ ಇಲ್ಲವಂತೆ. ನನಗೇನೋ ಇದರಲ್ಲಿ ಆಕ್ಷೇಪಣೀಯವಾದದ್ದು ತೋರಲಿಲ್ಲ; ಆಕೆ ಅಷ್ಟುದ್ದದ ಊರನ್ನು ಎಲ್ಲಿ ಉಸಿರು ತೆಗೆದುಕೊಂಡು ಉಚ್ಚರಿಸಿದಳೆಂಬುದನ್ನು ಮಾತ್ರ ಅವರು ಮುಂದಿನ ಕಾಗದದಲ್ಲಿ ವಿಚಾರಿಸಿ ತಿಳಿಸಬೇಕು.