ತಗಡಿನ ಶಾಸನ

ಶಾಸನವೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಕಲ್ಲು ಅಥವಾ ತಾಮ್ರದ ತಗಡು. ಮೋಟಾರು ಗಾಡಿಯ ಮುಂದೆ ತೂಗುವ ನಂಬರಿನ ತಗಡೂ ಒಂದು ಶಾಸನವೇ ಎಂದರೆ ತಾವು ನಕ್ಕಾರು. ಆದರೆ ಅದರಲ್ಲಿಯೂ ರಾಜ್ಯದ ಮುದ್ರೆಯುಂಟು, ಕಾಲದ ಸುಳಿವುಂಟು. ಓದಲು ಬಲ್ಲವರಿಗೆ ಒಂದು ಊರಿನ ಕಥೆಯೂ ಉಂಟು.

ಸುಳ್ಯದಿಂದ ಮಡಿಕೇರಿಗೆ ಹೋಗುವಾಗ, ಘಟ್ಟ ಹತ್ತುವ ಮೊದಲು ಸಿಗುವ ಪುಟ್ಟ ಪೇಟೆ ಕಲ್ಲುಗುಂಡಿ. ಹಿಂದೊಮ್ಮೆ ಇದು ಎರಡು ಆಡಳಿತಗಳ ಅಂಚು. 1956ರ ನವೆಂಬರ್ 1ರವರೆಗೆ ಈಚೆಗಿನ ದಕ್ಷಿಣ ಕನ್ನಡ ಮದರಾಸಿಗೆ ಸೇರಿತ್ತು. ಆಚೆಗಿನ ಕೊಡಗು ಬೇರೆಯೇ ಆಗಿತ್ತು. ಅಂದು ಎರಡೂ ಮೈಸೂರು ರಾಜ್ಯದೊಳಗೆ ಬಂದುವು.

ಕಳೆದ ಮಳೆಗಾಲದಲ್ಲಿ ನನ್ನ ತರಗತಿಯ ಹುಡುಗನೊಬ್ಬ ಹಳೆಯ ಭಾವಚಿತ್ರವೊಂದನ್ನು ತಂದ. ಬಸ್ಸಿನ ಮಡ್ಗಾರ್ಡಿಗೆ ಒರಗಿ, ಖಾಕಿ ತೊಟ್ಟ ಒಬ್ಬರು ನಿಂತಿದ್ದಾರೆ. ಅವರು ಹುಡುಗನ ಮುತ್ತಜ್ಜ, ಬಸ್ಸಿನ ಡ್ರೈವರು. "ಇದು 1942ರ ಚಿತ್ರ, ಯುದ್ಧಕಾಲದಲ್ಲಿ ಪೆಟ್ರೋಲು ಸಿಗದೆ ಇದ್ದಿಲ ಗ್ಯಾಸಿನಿಂದ ಓಡಿಸಿದ ಬಸ್ಸು" ಎಂದು ಮನೆಯಲ್ಲಿ ಹೇಳುತ್ತಾರಂತೆ. ಭೂತಗನ್ನಡಿ ಹಿಡಿದು ನೋಡಿದೆ. ನಂಬರಿನ ಮೊದಲಿಗೆ ಎಂ.ವೈ. ಎಂಬ ಅಕ್ಷರಗಳು. ಅವು ಮೈಸೂರಿನ ಗುರುತು. ನಮ್ಮ ಜಿಲ್ಲೆಯಲ್ಲಿ ನೋಂದಣಿಯಾದ ಗಾಡಿಯೇ ಆದರೆ, ಅದು 1956ಕ್ಕಿಂತ ಹಿಂದಿನ ತಗಡಾಗಲಾರದು.

ಲಿಪಿ ನೋಡಿ ಶಾಸನದ ಕಾಲ ಹೇಳುವ ವಿದ್ಯೆಯೇ ಇದು. ಆದರೆ ಲಿಪಿಯೊಂದನ್ನೇ ನಂಬಿ ತೀರ್ಪು ಕೊಡಬಾರದು. ಬೇರೆ ಆಧಾರ ಬೇಕು. ಅದು ಎಲ್ಲಿ ಸಿಕ್ಕೀತು?

1914ರ ಮೋಟಾರು ಕಾಯಿದೆ ಬ್ರಿಟಿಷ್ ಇಂಡಿಯದಲ್ಲಿ ಗಾಡಿಯ ನೋಂದಣಿಗೂ ಚಾಲಕನ ಲೈಸೆನ್ಸಿಗೂ ಬುನಾದಿ ಹಾಕಿತು. 1939ರ ಕಾಯಿದೆ ಅದನ್ನು ವಿಸ್ತರಿಸಿತು. ಒಡೆಯನ ಹೆಸರು, ತಯಾರಾದ ವರ್ಷ, ಚಾಸಿ ಮತ್ತು ಎಂಜಿನಿನ ನಂಬರು, ತೂಕ, ಆಸನಗಳ ಲೆಕ್ಕ, ಕೈ ಬದಲಾದರೆ ಹೊಸ ಒಡೆಯನ ಹೆಸರು—ಇವೆಲ್ಲ ದಾಖಲಾಗುತ್ತಿದ್ದುವು. ಬಸ್ಸಿಗಾದರೆ ಇದರ ಮೇಲೆ ಪರ್ಮಿಟ್ಟು ಬೇರೆ. ಪರ್ಮಿಟ್ಟಿನ ಅರ್ಜಿಯನ್ನು ಪ್ರಕಟಿಸಿ ಆಕ್ಷೇಪಣೆ ಕೇಳಬೇಕಿತ್ತು. ಇನ್ನೊಂದು ಪ್ರಾಧಿಕಾರದ ಸೀಮೆಗೆ ಹೋಗುವ ಬಸ್ಸಿಗೆ ಅಲ್ಲಿನವರ ಮೇಲುರುಜುವೂ ಬೇಕಿತ್ತು. ಆದಕಾರಣ ಗಡಿ ದಾಟುವ ಬಸ್ಸಿನ ಜಾಡು ಮಂಗಳೂರಿನಲ್ಲಿ ಅಳಿದಿದ್ದರೂ ಮಡಿಕೇರಿಯಲ್ಲಿ ಉಳಿದಿರಬಹುದು. ಮದರಾಸು ಸರ್ಕಾರದ ಆಜ್ಞೆಗಳನ್ನು ಹುಡುಕುವವರು ಚೆನ್ನೈನ ಎಗ್ಮೋರಿನ ದಾಖಲೆ ಮಂದಿರದವರೆಗೂ ಹೋಗಬೇಕು. ಕಾಸರಗೋಡು ಕೂಡ 1956ರವರೆಗೆ ನಮ್ಮ ಜಿಲ್ಲೆಯದೇ. ಅಲ್ಲಿಯವರ ಹಳೆಯ ಕಡತಗಳಿಗೂ ಈ ಕಡೆ ನೋಡಬೇಕಾದೀತು.

ನಾನು ಒಂದು ಕಚೇರಿಗೆ ಹೋಗಿ ವಿಚಾರಿಸಿದೆ. ಅಷ್ಟು ಹಳೆಯ ಪುಸ್ತಕಗಳು ಈಗ ಇಲ್ಲ ಎಂದರು. ನಮ್ಮ ಪ್ರಾಚೀನರು ಶಾಸನದ ಕೊನೆಗೆ, ಇದನ್ನು ಅಳಿಸಿದವನಿಗೆ ವಾರಣಾಸಿಯಲ್ಲಿ ಗೋವುಗಳನ್ನು ಕೊಂದ ಪಾಪ ಬರಲೆಂದು ಶಾಪ ಬರೆಯುತ್ತಿದ್ದರು. ಕಚೇರಿಯ ಪುಸ್ತಕಕ್ಕೆ ಅಂಥ ಕಾವಲಿಲ್ಲ. ಇಷ್ಟು ವರ್ಷ ಕಳೆದ ಮೇಲೆ ನಾಶ ಮಾಡಬಹುದೆಂಬ ನಿಯಮವುಂಟು. ಉಳಿದುದಕ್ಕೆ ನಮ್ಮ ಮಳೆಯೂ ಗೆದ್ದಲೂ ಉಂಟು.

ಕೊನೆಗೆ ದಾರಿ ತೋರಿದ್ದು ಕಚೇರಿಯಲ್ಲ, ಮರದ ಪೆಟ್ಟಿಗೆ. ಬಸ್ಸಿನ ಒಡೆಯರ ಮನೆಯವರು ತೆರಿಗೆಯ ರಶೀತಿಗಳೊಡನೆ ನೋಂದಣಿ ಪುಸ್ತಕವನ್ನೂ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ನಂಬರು ಅದೇ. ತಯಾರಾದ ವರ್ಷ 1958. ಒಡೆಯರ ಹೆಸರಿತ್ತು, ಎಂಜಿನಿನ ನಂಬರಿತ್ತು. ದಿನವೂ ಘಟ್ಟ ಹತ್ತಿಸಿ ಇಳಿಸಿದವರ ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ. ಅದಕ್ಕೆ ಅಲ್ಲಿ ಅಂಕಣವೇ ಇಲ್ಲ.

ಈ ಸುದ್ದಿಯನ್ನು ಅವರ ಮಗಳಿಗೆ, ಎಂಬತ್ತು ದಾಟಿದ ಹಿರಿಯರಿಗೆ, ಅಳುಕುತ್ತಲೇ ಹೇಳಿದೆ. ಅವರು ಚಿತ್ರವನ್ನು ಸೆರಗಿನಿಂದ ಒರಸಿ, "ಬಸ್ಸು ಬೇರೆ ಇರಬಹುದು ಮಾಷ್ಟ್ರೇ, ಅಪ್ಪ ಅವರೇ" ಎಂದರು. ಇದ್ದಿಲ ಬಸ್ಸಿನ ಕಥೆ ಸುಳ್ಳೆಂದು ನಾನೂ ಹೇಳಲಾರೆ. ಸುಳ್ಳಾದುದು ಚಿತ್ರಕ್ಕೆ ಅಂಟಿಸಿದ ವರ್ಷ ಮಾತ್ರ.

1989ರ ಜುಲೈ 1ರಂದು ಹೊಸ ಕಾಯಿದೆ ಜಾರಿಗೆ ಬಂದ ಮೇಲೆ ಕೆ.ಎ. ಎಂಬ ಗುರುತು ಬಂದಿತು. ಇಂದು 21 ಎಂದರೆ ಪುತ್ತೂರು, 12 ಎಂದರೆ ಮಡಿಕೇರಿ ಎಂದು ಮಕ್ಕಳೂ ಬಲ್ಲರು. ಹಳೆಯ ಅಕ್ಷರಗಳನ್ನು ಬಲ್ಲವರು ಮಾತ್ರ ವಿರಳರಾಗುತ್ತಿದ್ದಾರೆ. ಆದುದರಿಂದ ತಮ್ಮಲ್ಲಿ ಒಂದು ಬಿನ್ನಹ. ಅಟ್ಟದ ಪೆಟ್ಟಿಗೆಯನ್ನು ಗುಜರಿಯವನಿಗೆ ಕೊಡುವ ಮುನ್ನ ಒಮ್ಮೆ ತೆರೆದು ನೋಡಿರಿ. ಹಳೆಯ ಲೈಸೆನ್ಸು, ಪರ್ಮಿಟ್ಟು, ರಶೀತಿಗಳಿದ್ದರೆ ಕಾಪಾಡಿರಿ. ಭಾವಚಿತ್ರವಿದ್ದರೆ ಅದರ ಬೆನ್ನಿಗೆ ಪೆನ್ಸಿಲಿನಲ್ಲಿ ನಿಂತವರ ಹೆಸರು ಬರೆದಿಡಿರಿ. ಒಡೆಯನ ಹೆಸರನ್ನು ಸರ್ಕಾರ ಬರೆದುಕೊಂಡಿತು. ಓಡಿಸಿದವನ ಹೆಸರನ್ನು ನಾವೇ ಬರೆಯಬೇಕು.