ನವಲಗುಂದದ ಜಮಖಾನ: ಹೆಸರಿಲ್ಲದ ಕೈಗಳ ಚರಿತ್ರೆ

ಸ್ಥಿತಿವಂತರ ಮನೆಯ ಪಡಸಾಲೆಯಲ್ಲಿ ಹಳೆಯ ಪರ್ಷಿಯನ್ ರತ್ನಗಂಬಳಿ ಹಾಸುವುದು ಇಂದು ಅಭಿರುಚಿಯ ಗುರುತಾಗಿದೆ. ಉಣ್ಣೆ ಅಥವಾ ರೇಷ್ಮೆಯ ಎಳೆಗಳನ್ನು ಒಂದೊಂದಾಗಿ ಗಂಟು ಹಾಕಿ ನೇಯುವ ಆ ಕಲೆಗೆ ಸಲ್ಲುವ ಗೌರವ ನ್ಯಾಯವಾದುದೇ. ಆದರೆ ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಮುಸ್ಲಿಮ್ ಮಹಿಳೆಯರು ತಲೆಮಾರುಗಳಿಂದ ನೇಯುತ್ತ ಬಂದಿರುವ ಜಮಖಾನದ ಚರಿತ್ರೆಯನ್ನು ನಮ್ಮಲ್ಲಿ ಎಷ್ಟು ಮಂದಿ ಬಲ್ಲರು?

ಈ ನೇಕಾರರ ಪೂರ್ವಜರು ಆದಿಲ್‌ಶಾಹಿಗಳ ಕಾಲದ ಬಿಜಾಪುರದವರೆಂದೂ ಯುದ್ಧಗಳ ಅಶಾಂತಿಯಲ್ಲಿ ಅಲ್ಲಿಂದ ಹೊರಟು ನವಲಗುಂದದಲ್ಲಿ ನೆಲೆಸಿದರೆಂದೂ ಪರಂಪರೆ ಹೇಳುತ್ತದೆ. ಆಗಿನ ಬಿಜಾಪುರ ಪರ್ಷಿಯಾದ ವಿದ್ವಾಂಸರೂ ಕವಿಗಳೂ ಬಂದು ಸೇರುತ್ತಿದ್ದ ರಾಜಧಾನಿ. 1686ರಲ್ಲಿ ಅದು ಔರಂಗಜೇಬನ ವಶವಾಯಿತು. ಆಸ್ಥಾನ ಅಳಿಯಿತು, ನವಲಗುಂದದ ಮನೆಗಳೊಳಗೆ ಮಗ್ಗ ಉಳಿಯಿತು.

ಪರ್ಷಿಯನ್ ರತ್ನಗಂಬಳಿಯಂತೆ ಈ ಜಮಖಾನದಲ್ಲಿ ಗಂಟುಗಳಿಲ್ಲ. ನಿಲುವು ಮಗ್ಗಕ್ಕೆ ಹತ್ತಿಯ ಹಾಸು ಬಿಗಿದು, ಬಣ್ಣದ ಹೊಕ್ಕುನೂಲನ್ನು ಕೈಯಿಂದಲೇ ತೂರಿಸಿ, ಪಂಜದಿಂದ ಬಡಿದು ಒತ್ತುತ್ತಾರೆ. ಪಗಡೆಯ ಪಟ, ನವಿಲು ಇದರ ಹೆಸರಾಂತ ಚಿತ್ತಾರಗಳು. ನಮಾಝಿಗಾಗಿಯೇ ನೇಯುವ ಜಾನಮಾಝ್ ಕೂಡ ಇಲ್ಲಿನದೇ. 2011ರಲ್ಲಿ ನವಲಗುಂದದ ಜಮಖಾನಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು.

ಮಾನ್ಯತೆ ಬಂದರೂ ಮಗ್ಗಗಳು ವಿರಳವಾಗುತ್ತಿವೆ. ಹಲವು ದಿನಗಳ ದುಡಿಮೆಗೆ ದೊರೆಯುವ ಕೂಲಿ ಅಲ್ಪ. ಯಂತ್ರದ ಹಾಸು ಅಗ್ಗ. ಹೀಗಿರುವಾಗ ಹೆಣ್ಣುಮಕ್ಕಳು ಈ ಕೆಲಸ ಕಲಿಯಲು ಹಿಂಜರಿದರೆ ಅವರನ್ನು ದೂರುವುದು ಸಲ್ಲದು.

ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿರುವ ಪ್ರಸಿದ್ಧ ಅರ್ದಬೀಲ್ ರತ್ನಗಂಬಳಿಯಲ್ಲಿ ಹಿಜರಿ 946 ಎಂಬ ವರ್ಷವೂ ಮಖ್ಸೂದ್ ಕಾಶಾನಿ ಎಂಬ ಹೆಸರೂ ನೇಯಲ್ಪಟ್ಟಿವೆ. ಗಂಟು ಹಾಕಿದ ಕೈಗಳ ಹೆಸರು ಅದರಲ್ಲಿಲ್ಲ. ನವಲಗುಂದದ ತಾಯಂದಿರ ಹೆಸರನ್ನೂ ಚರಿತ್ರೆ ಬರೆದಿಡಲಿಲ್ಲ. ಅವರು ನೇಯ್ದ ಹಾಸಿನ ಮೇಲೆ ಸುಜೂದ್ ಮಾಡಿದವರಿಗೂ ಅವರ ಪರಿಚಯವಿರಲಿಲ್ಲ.

ಪ್ರವಾದಿ(ಸ)ರು ಖರ್ಜೂರದ ಗರಿಯಿಂದ ಹೆಣೆದ ಚಿಕ್ಕ ಚಾಪೆಯ ಮೇಲೆ ನಮಾಝ್ ನಿರ್ವಹಿಸಿದ್ದನ್ನು ಹದೀಸ್‌ಗಳು ತಿಳಿಸುತ್ತವೆ. ಆದ್ದರಿಂದ ನಮಾಝಿಗೆ ಬೆಲೆಬಾಳುವ ಹಾಸು ಬೇಕೆಂದಿಲ್ಲ. ಆದರೆ ದುಡಿದವರ ಕೂಲಿಯನ್ನು ತಡಮಾಡದೆ ಸಲ್ಲಿಸಬೇಕೆಂಬುದೂ ಅದೇ ಪ್ರವಾದಿ(ಸ)ರ ಬೋಧನೆ. ನಿಕಾಹ್‌ಗೆ ಉಡುಗೊರೆ ಕೊಡುವಾಗ, ಮಸೀದಿಗೆ ಹಾಸು ತರುವಾಗ, ನಮ್ಮದೇ ಜಿಲ್ಲೆಯ ಈ ಸಹೋದರಿಯರನ್ನು ನೆನೆಯೋಣ. ಚೌಕಾಸಿ ಮಾಡದೆ ಅವರ ಶ್ರಮದ ಬೆಲೆ ತೆರೋಣ. ಅಲ್ಲಾಹನು ಅವರ ದುಡಿಮೆಯಲ್ಲಿ ಬರಕತ್ ಕರುಣಿಸಲಿ, ಆಮೀನ್.